ಬೇವಿಗೆ ಅರಿಸಿನ, ಕಪ್ಪೆಗೆ ಉಪ್ಪು

ಬಚ್ಚಲಿನ ಕಪ್ಪೆಯ ಮೇಲೆ ಹರಳುಪ್ಪು ಸುರಿದ ಕೈಯಿಂದಲೇ ಹಿತ್ತಲಿನ ಬೇವಿಗೆ ಅರಿಸಿನ ಹಚ್ಚುವವರನ್ನು ನೀವು ಕಂಡಿದ್ದೀರಾ? ಕಂಡಿದ್ದರೆ, ಅವರು ಬಡಿಸಿದ ರೊಟ್ಟಿಯನ್ನು ತಿಂದಿದ್ದೀರಾ? ನಾನು ಬಾಲ್ಯವಿಡೀ ತಿಂದೆ. ರುಚಿಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಆ ರುಚಿ ನೆನಪಾದಾಗಲೇ ನನಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾಗುತ್ತದೆ.

ತಾವರಗೇರಾದ ಸಂತೆಗೆ ಮುಂಜಾನೆ ನಡೆದು ಹೋಗಿ ಮಧ್ಯಾಹ್ನದೊಳಗೆ ಮರಳಬಹುದಾದಷ್ಟು ಹತ್ತಿರದ ಹಳ್ಳಿ ನಮ್ಮದು. ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ಒಂದೇ ಬೆಳಕಿಂಡಿಯ ಅಡುಗೆಮನೆ, ಅಡುಗೆಮನೆಯ ಹಿಂಬಾಗಿಲು ದಾಟಿದರೆ ಹಾಸುಗಲ್ಲಿನ ಬಚ್ಚಲು, ಅದರಾಚೆ ಹಿತ್ತಲು. ಹಿತ್ತಲಿನ ನಡುವೆ ಬೇವಿನ ಮರ. ಮನೆಮಂದಿ ಮಿಂದ ನೀರು, ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲವೂ ಒಂದೇ ಕಿರುಗಾಲುವೆಯಲ್ಲಿ ಹರಿದು ಆ ಮರದ ಬುಡ ಸೇರುತ್ತಿದ್ದವು. ಬುಡದ ತಂಪು ಮಣ್ಣಿನಲ್ಲಿ, ಕಲ್ಲುಗಳ ಸಂದಿಯಲ್ಲಿ ನೆಲಗಪ್ಪೆಗಳು ವಾಸವಾಗಿದ್ದವು. ಮರವೂ ಕಪ್ಪೆಯೂ ನಮ್ಮ ಕೊಳೆನೀರನ್ನೇ ಉಂಡು ಬದುಕಿದವು. ಆ ಕಾಲುವೆಯ ನಾತ ಇಂದಿಗೂ ನನ್ನ ಮೂಗಿನಲ್ಲಿದೆ: ಸಾಬೂನು, ಹಳಸಿದ ಪುಂಡಿಪಲ್ಲೆ, ಕೊಳೆತ ಬೇವಿನ ಹಣ್ಣು, ಅದರ ಮೇಲೆ ಮುತ್ತಿದ ನೊಣ.

ಕಾಲೇಜಿನಲ್ಲಿ ನನಗೆ ಚರ್ಚೆಯ ಪಾಠ ಹೇಳಿದ ಗುರುಗಳು, ತೀರ್ಪು ಹೇಳುವ ಮೊದಲು ಎರಡೂ ಪಕ್ಷಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕೆನ್ನುತ್ತಿದ್ದರು. ತೂಗುತ್ತೇನೆ. ಬೇವು ಕಹಿ. ನೆಲಗಪ್ಪೆಯೂ ಕಹಿ, ನಮ್ಮ ಓಣಿಯ ನಾಯಿಯೊಂದು ಅದನ್ನು ಒಮ್ಮೆ ಕಚ್ಚಿ, ಬಾಯಿತುಂಬ ನೊರೆ ಸುರಿಸುತ್ತ ಮೂತಿಯನ್ನು ನೆಲಕ್ಕೆ ಉಜ್ಜಿಕೊಂಡದ್ದನ್ನು ನಾನೇ ನೋಡಿದ್ದೇನೆ. ಬೇವಿನ ತೊಗಟೆ ಸೀಳುಸೀಳು, ಗಂಟುಗಂಟು. ಕಪ್ಪೆಯ ಚರ್ಮವೂ ಹಾಗೆಯೇ. ಬೇವಿನ ಎಲೆ ಜೋಳದ ಚೀಲಕ್ಕೆ ಹುಳು ಬೀಳದಂತೆ ಕಾಯುತ್ತದೆ. ಮೊದಲ ಮಳೆಯ ಸಂಜೆ ದೀಪದ ಕೆಳಗೆ ರಾಶಿ ಬೀಳುವ ಹುಳುಗಳನ್ನು ಕಪ್ಪೆ ಒಂದೊಂದಾಗಿ ನುಂಗಿ ಪಡಸಾಲೆಯನ್ನು ಹಸನು ಮಾಡುತ್ತದೆ. ಸುತ್ತಲಿನ ಹೊಲ ಒಣಗಿ ಬಿರಿದಾಗ ಮರ ಚಿಗುರುತ್ತದೆ, ಕಪ್ಪೆ ಅದೇ ಮರದ ಬೇರಿನ ಪಕ್ಕ ತನ್ನನ್ನು ತಾನೇ ಹೂತುಕೊಂಡು ಮಳೆಗೆ ಕಾಯುತ್ತದೆ. ಇಷ್ಟೆಲ್ಲ ಸಾಮ್ಯದ ನಡುವೆ ನನಗೆ ಕಂಡ ವ್ಯತ್ಯಾಸ ಎರಡೇ. ಮರ ಒಳಗೆ ಬರುವುದಿಲ್ಲ. ಕಪ್ಪೆ ಕರೆಯದೆ ಬರುತ್ತದೆ. ಮರವನ್ನು ಕೊಲ್ಲಲು ಕೊಡಲಿಯೂ ನಾಲ್ಕು ತೋಳುಗಳೂ ಬೇಕು. ಕಪ್ಪೆಗೆ ಒಂದು ಹಿಡಿ ಉಪ್ಪು ಸಾಕು. ನಮ್ಮ ಮನೆಯ ಭಕ್ತಿ ನಿಂತದ್ದು ಈ ಎರಡನೆಯ ವ್ಯತ್ಯಾಸದ ಮೇಲೆ ಎಂಬುದು ನನ್ನ ವಾದ.

ಆ ಭಕ್ತಿಯ ಯಜಮಾನಿಕೆ ಅಮ್ಮನದು. ಅಮ್ಮ ಎಂದರೆ ತಂದೆಯ ತಾಯಿ. ನಮ್ಮ ಕಡೆ ಹೆತ್ತವಳು ಅವ್ವ, ಅಜ್ಜಿ ಅಮ್ಮ. ಪ್ರತಿ ಅಮಾವಾಸ್ಯೆಯಂದು ಅವಳು ಮಡಿಸೀರೆಯುಟ್ಟು ಬೇವಿನ ಬುಡ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಒಡೆದ ಕಾಯಿಯ ನೀರು ಹೊಯ್ಯುತ್ತಿದ್ದಳು. ಅದಕ್ಕೆ ಮೊದಲು ಬಚ್ಚಲನ್ನು ‘ಹಸನು’ ಮಾಡಬೇಕಿತ್ತು. ಉಪ್ಪಿನ ಗಡಿಗೆ ತರುವ ಕೆಲಸ ನನ್ನದು.

“ಶಾಂತಾ, ಗಡಿಗಿ ತಾ. ಬಂದು ಕುಂತೈತಿ ನೋಡು ಹೊಲಸು.”

“ಹೊರಗ ಒಗದ್ರಾತಲ್ಲಮ್ಮ.”

“ಒಗದ್ರ ಮತ್ತ ಬರತೈತಿ. ನಿಮ್ಮತ್ತಿ ಮೈ ನೋಡಿಯಿಲ್ಲ? ನಿನಗೂ ಹಂಗ ಆಗಬೇಕೇನು?”

ಉಪ್ಪು ಬಿದ್ದ ಕಪ್ಪೆ ಕೂಗುವುದಿಲ್ಲ. ಅದು ಮೊದಲು ಉಬ್ಬುತ್ತದೆ. ಕಣ್ಣಿನ ಹಿಂದಿನ ಉಬ್ಬುಗಳಿಂದ ಹಾಲಿನಂಥ ದ್ರವ ಒಸರುತ್ತದೆ, ಮೈಯೆಲ್ಲ ಲೋಳೆಯಾಗಿ ನೊರೆಯೇಳುತ್ತದೆ, ಮುಂಗಾಲುಗಳಿಂದ ತನ್ನ ಕಣ್ಣನ್ನು ಒರೆಸಿಕೊಳ್ಳಲು ಯತ್ನಿಸುತ್ತದೆ. ಮನುಷ್ಯರು ಕಣ್ಣಿಗೆ ಖಾರ ಬಿದ್ದಾಗ ಮಾಡುವಂತೆಯೇ. ಆದರೆ ಅಂದು ನನಗೆ ಹೇಸಿಗೆಯಾದದ್ದು ಕಪ್ಪೆಯ ಬಗ್ಗೆ. ಗಡಿಗೆ ಹಿಡಿದ ನನ್ನ ಬಗ್ಗೆ ಅಲ್ಲ. ಇದನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ. ಸತ್ತದ್ದನ್ನು ಹರಕು ಮೊರದಲ್ಲಿ ಎತ್ತಿ ಬೇಲಿಯಾಚೆ ಎಸೆದು, ಅಮ್ಮ ಅದೇ ಬೆರಳುಗಳನ್ನು ಅರಿಸಿನದ ಬಟ್ಟಲಿಗೆ ಅದ್ದುತ್ತಿದ್ದಳು.

ಅಮ್ಮ ಹೇಳಿದ ‘ನಿಮ್ಮತ್ತಿ’ ನೀಲತ್ತಿ, ತಂದೆಯ ಒಬ್ಬಳೇ ತಂಗಿ. ಅವಳ ತೋಳು, ಕುತ್ತಿಗೆ, ಬೆನ್ನ ಮೇಲೆ ಮೆತ್ತನೆಯ ಗಂಟುಗಳಿದ್ದವು. ಕೆಲವು ಕಡಲೆಕಾಳಿನಷ್ಟು, ಕೆಲವು ಬಾರೆಹಣ್ಣಿನಷ್ಟು. ನೋವಿಲ್ಲ, ಕೀವಿಲ್ಲ, ತುರಿಕೆಯಿಲ್ಲ. ಅವು ಮೂಡಿದ್ದು ಅವಳು ಮೈನೆರೆದ ಮೇಲೆ. ಆ ವರ್ಷ ಅವಳು ಬಚ್ಚಲಿನಲ್ಲಿ ಬರಿಗಾಲಿನಿಂದ ಕಪ್ಪೆ ತುಳಿದಳು, ಅದು ಉಚ್ಚೆ ಹೊಯ್ದಿತು, ಅದರ ಮೈ ಇವಳಿಗೆ ಬಂತು ಎಂಬುದು ಅಮ್ಮ ಊರಿಗೆಲ್ಲ ಹೇಳಿದ ಕಥೆ. ಊರು ನಂಬಿತು. ಅತ್ತಿಯೂ ನಂಬಿದಳು. ತಾನು ಯಾವಾಗ ತುಳಿದೆ ಎಂಬುದು ನೆನಪಿಲ್ಲವೆಂದು ಒಮ್ಮೆ ನನಗೆ ಹೇಳಿದ್ದಳು, ನೆನಪಿಲ್ಲದ್ದೇ ತನ್ನ ತಪ್ಪು ಎಂಬಂತೆ.

ಯಲಬುರ್ಗಾ ಕಡೆಯಿಂದ ಒಮ್ಮೆ ಅವಳನ್ನು ನೋಡಲು ಬಂದರು. ಅವ್ವ ಅವಲಕ್ಕಿ ಒಗ್ಗರಿಸಿದ್ದಳು. ಅತ್ತಿಗೆ ಮಣಿಕಟ್ಟಿನವರೆಗೆ ತೋಳಿದ್ದ ಕುಪ್ಪಸ ತೊಡಿಸಿದ್ದರು. ಗಂಡಿನ ಕಡೆಯ ಹಿರಿಯಾಕೆ ಸುಮ್ಮನೆ ಅವಳ ಕೈ ಹಿಡಿದು, ತೋಳನ್ನು ಮೇಲಕ್ಕೆ ಸರಿಸಿ, ಹಾಗೆಯೇ ಬಿಟ್ಟಳು.

“ಇದೇನ್ರಿ?”

“ಬಚ್ಚಲದಾಗ ಕಪ್ಪಿ ತುಳದಾಳ್ರಿ, ಅಷ್ಟ. ನಮ್ಮ ವಂಶದಾಗ ಯಾರಿಗೂ ಇಲ್ರಿ. ಬೇಕಾದ್ರ ಊರಾಗ ಕೇಳ್ರಿ,” ಎಂದಳು ಅಮ್ಮ. “ಬೇವಿನ ನೀರ ಹಾಕಾಕತ್ತೀವಿ. ಕಮ್ಮಿ ಆಗಾಕತ್ತೈತ್ರಿ.”

“ಛಲೋ ಆತು ಬಿಡ್ರಿ. ಆದ್ರ ನಮ್ಮ ಹುಡುಗ ಕಪ್ಪೀಗೆ ಭಾಳ ಅಂಜತಾನ್ರಿ.”

ಬಂದವರು ನಕ್ಕರು. ಅವಲಕ್ಕಿಯ ತಾಟುಗಳನ್ನು ಯಾರೂ ಮುಟ್ಟಲಿಲ್ಲ. ಅವರು ಹೋದ ಸಂಜೆಯಿಂದ ಅತ್ತಿಗೆ ಬೇರೆ ತಾಟು ಬಂತು. ನಾವೆಲ್ಲ ಹಿತ್ತಾಳೆಯ ಗಂಗಾಳದಲ್ಲಿ ಉಣ್ಣುವಾಗ ಅವಳಿಗೆ ಅಲ್ಯುಮಿನಿಯಂ ತಾಟು, ನಮ್ಮ ಮಾತಿನಲ್ಲಿ ಜರ್ಮನ್ ತಾಟು. ಕೂರುವ ಜಾಗ ಹಿಂಬಾಗಿಲ ಹೊಸ್ತಿಲಾಚೆ, ಬಚ್ಚಲಿನ ಅಂಚು. ರೊಟ್ಟಿ ಬಡಿಯುವುದರಿಂದಲೂ ಅವಳನ್ನು ಬಿಡಿಸಿದರು. ಕಸ, ಸಗಣಿ, ಬಟ್ಟೆ ಅವಳ ಪಾಲಿಗೆ ಉಳಿದವು. ಮದುವೆಯ ಮಾತು ಮತ್ತೆ ಬರಲಿಲ್ಲ. ಅವಳು ಅದನ್ನು ಕೇಳಲೂ ಇಲ್ಲ. ಅವಳಿಗೆ ಬೇಕಾಗಿದ್ದುದು ಮತ್ತೆ ಒಳಗೆ ಬಂದು ಎಲ್ಲರ ಸಾಲಿನಲ್ಲಿ ಕೂತು ಉಣ್ಣುವುದು, ಅಷ್ಟೆ. ಅದಕ್ಕಾಗಿ ಅವಳು ಅಮ್ಮ ಹೇಳಿದ್ದನ್ನೆಲ್ಲ ಮಾಡಿದಳು. ಕುದಿಯುವ ಬೇವಿನ ನೀರು ಹೊಯ್ದುಕೊಂಡಳು. ಅರೆದ ಎಲೆಯನ್ನು ಮೈಗೆ ಹಚ್ಚಿಕೊಂಡು, ಒಣಗಿ ಚರ್ಮ ಬಿಗಿಯುವವರೆಗೆ ಬಿಸಿಲಲ್ಲಿ ಕೂತಳು. ಬೆಳಗಾದರೆ ಒಂದು ಬಟ್ಟಲು ಹಸಿರು ರಸ ಕುಡಿದು, ಬೇವಿನ ಬುಡದಲ್ಲೇ ಬಾಗಿ ಅರ್ಧವನ್ನು ಕಾರುತ್ತಿದ್ದಳು. ಗಂಟು ಒಂದೂ ಇಳಿಯಲಿಲ್ಲ; ನಡುವಿನ ಒಳ್ಳೆಯ ಚರ್ಮ ಮಾತ್ರ ಸುಟ್ಟು ಸಿಪ್ಪೆಯೆದ್ದಿತು. ಇಷ್ಟಾದರೂ ಯಾರೂ ಬೇವನ್ನು ದೂರಲಿಲ್ಲ. ಬೇವು ಸೋತಾಗಲೆಲ್ಲ ಇನ್ನೊಂದು ಕಪ್ಪೆ ಸತ್ತಿತು.

ಆ ದಿನಗಳಲ್ಲಿ ಅವಳನ್ನು ಅಳುಕಿಲ್ಲದೆ ಮುಟ್ಟುತ್ತಿದ್ದವಳು ಬಳೆಗಾರ್ತಿ ಹುಸೇನಬಿ ಒಬ್ಬಳೇ. ಹಿತ್ತಲಿನ ಕಡೆಯಿಂದ ಬಂದು, ಅತ್ತಿಯ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಗಂಟುಗಳ ಮೇಲೆಯೇ ಹೆಬ್ಬೆರಳಿಟ್ಟು ಬಳೆ ಏರಿಸುತ್ತಿದ್ದಳು.

“ಕೈ ಭಾಳ ಮೆತ್ತಗ ಅದಾವ ನೀಲವ್ವ. ನಿಮ್ಮ ಓಣ್ಯಾಗಿನ ಹೆಣ್ಣಮಕ್ಕಳ ಕೈಯಂದ್ರ ಕಟಗಿ. ಡಜನಿಗೆ ನಾಕು ಒಡಸ್ತಾರ, ಮ್ಯಾಲ ನನ್ನ ಬಳೀಗೆ ಹೆಸರಿಡತಾರ.”

ಅತ್ತಿ ನಗುವುದನ್ನು ನಾನು ನೋಡುತ್ತಿದ್ದುದು ಆಗ ಮಾತ್ರ.

ನನ್ನ ತಂದೆ ಶಾಲಾ ಮಾಸ್ತರರು. ವಿಜ್ಞಾನದ ಪಾಠದಲ್ಲಿ ‘ಕಪ್ಪೆ ರೈತನ ಮಿತ್ರ’ ಎಂದು ಹಲಗೆಯ ಮೇಲೆ ದುಂಡಗೆ ಬರೆದು, ನಮ್ಮಿಂದ ಮೂರು ಸಲ ಹೇಳಿಸಿದ್ದರು. ಅಂದು ಮನೆಗೆ ಬಂದು ಕೇಳಿದೆ.

“ಅಪ್ಪಾ, ಕಪ್ಪಿ ಮಿತ್ರ ಅಂದ್ರಿ. ಮತ್ತ ಅಮ್ಮ ಯಾಕ ಕೊಲ್ಲತಾಳ?”

“ಅದು ಪರೀಕ್ಷಾಕ್ಕ. ಇದು ಮನಿ.”

ಪೇಪರಿನಿಂದ ಕಣ್ಣೆತ್ತದೆ ಹೇಳಿದ ಆ ಮಾತಿನಷ್ಟು ಹೊಲಸಾದದ್ದನ್ನು ಆ ಕಾಲುವೆಯಲ್ಲಿಯೂ ನಾನು ಕಂಡಿಲ್ಲ. ಅಮ್ಮನಿಗೆ ಅಕ್ಷರವಿರಲಿಲ್ಲ. ತಂದೆಗೆ ಇತ್ತು.

ನನಗೆ ಹನ್ನೆರಡು ತುಂಬಿದ ಮಳೆಗಾಲದಲ್ಲಿ ಅಮ್ಮ ಬಿದ್ದಳು. ಅಮಾವಾಸ್ಯೆಯ ಮುಂಜಾನೆ, ಉಪ್ಪು ಕರಗಿ ಲೋಳೆಯಾದ ಹಾಸುಗಲ್ಲಿನ ಮೇಲೆ, ಇನ್ನೂ ಮಿಸುಕುತ್ತಿದ್ದ ಕಪ್ಪೆಯನ್ನು ಮೊರಕ್ಕೆ ತಳ್ಳಲು ಬಾಗಿದಾಗ ಕಾಲು ಜಾರಿತು. ತೊಡೆಯ ಎಲುಬು ಮುರಿಯಿತು. ಕೊಪ್ಪಳದ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಪಡಸಾಲೆಯ ಹೊರಸಿಗೆ, ಎಂದರೆ ಹಗ್ಗದ ಮಂಚಕ್ಕೆ, ಮರಳಿದಳು. ನಡೆಯಲಾಗದು, ಒಬ್ಬಳೇ ಮೀಯಲಾಗದು. ಅಲ್ಲಿಯವರೆಗೆ ಅಮ್ಮ ಮೀಯುವಾಗ ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಅಗಳಿ ಬೀಳುತ್ತಿತ್ತು. ಬೆನ್ನು ತಿಕ್ಕಲು ಅವ್ವನನ್ನೂ ಕರೆಯುತ್ತಿರಲಿಲ್ಲ. ಅದನ್ನು ನಾವು ಮಡಿಯೆಂದು ತಿಳಿದಿದ್ದೆವು. ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಅವಳು ಅಂದಳು:

“ನೀಲಿನ್ನ ಕರೀರಿ. ಆಕಿ ಹಾಕ್ತಾಳ ನೀರ.”

“ಆಕಿ ಕೈಯಾಗ ಯಾಕ್ರಿ? ನಾ ಇಲ್ಲೇನು?” ಎಂದಳು ಅವ್ವ.

“ಆಕಿನ್ನ ಕರೀ ಅಂದ್ರ ಕರೀ.”

ಅವ್ವ, ಅತ್ತಿ ಇಬ್ಬರೂ ಸೇರಿ ಅಮ್ಮನನ್ನು ಎತ್ತಿ ತಂದು ಬಚ್ಚಲಿನ ಮಣೆಯ ಮೇಲೆ ಕೂರಿಸಿದರು. ಅವ್ವನನ್ನು ಅಮ್ಮ ಹೊರಗೆ ಕಳಿಸಿದಳು. ಬಿಸಿನೀರಿನ ಕೊಡ ಹೊತ್ತು ಹೋದ ನಾನು ಬಾಗಿಲು ನೂಕಿದಾಗ ಅಮ್ಮನ ಕುಪ್ಪಸ ಬಿಚ್ಚಿತ್ತು. ಬೆನ್ನು ನನ್ನ ಕಡೆಗಿತ್ತು. ಹೆಗಲಿನಿಂದ ಸೊಂಟದವರೆಗೆ ಗಂಟುಗಳು. ಅತ್ತಿಯ ಮೈಮೇಲಿದ್ದವೇ, ಆದರೆ ಹೆಚ್ಚು, ಹಳೆಯವು, ಒಂದರ ಮೇಲೊಂದು ಜೋತುಬಿದ್ದವು. ಬೇವಿನ ಕಾಂಡದಲ್ಲಿ ಅವನ್ನು ಕಂಡಿದ್ದರೆ ನಾವು ಕುಂಕುಮ ಹಚ್ಚುತ್ತಿದ್ದೆವು. ಅತ್ತಿ ತಂಬಿಗೆ ಹಿಡಿದು ನಿಂತಿದ್ದಳು, ನೀರು ಹೊಯ್ದಿರಲಿಲ್ಲ.

“ಯಾವಾಗಿಂದ?” ಎಂದಳು.

“ಮದುವಿಕಿಂತ ಮೊದಲ. ನಮ್ಮವ್ವಗೂ ಇದ್ದುವು. ನಿಮ್ಮಪ್ಪಗಷ್ಟ ಗೊತ್ತಿತ್ತು, ಆತ ತೀರಿಹೋದ.”

“ಮತ್ತ ಕಪ್ಪಿ?”

“ಮಂದಿಗೆ ಏನರ ಹೇಳಬೇಕಿತ್ತಲ್ಲ.”

ಅತ್ತಿ ಅಂದಳು:

“ಮಂದಿಗೆ ಹೇಳೋದು ಬ್ಯಾಡಾಗಿತ್ತವ್ವ. ನನಗೊಬ್ಬಾಕಿಗೆ ಹೇಳಿದ್ರ ಸಾಕಿತ್ತು.”

“ನೀರು ಆರತಾವ. ಹಾಕು.”

ಅತ್ತಿ ಹಾಕಿದಳು. ಆ ಬೆನ್ನನ್ನು ಮೆಲ್ಲಗೆ, ಒಂದೊಂದು ಗಂಟಿನ ಸುತ್ತಲೂ ಬೆರಳಾಡಿಸಿ ತಿಕ್ಕಿದಳು. ನಾನು ಕೊಡವನ್ನು ಅಲ್ಲೇ ಇಟ್ಟು ಬಂದೆ.

ಅಂದು ಮಧ್ಯಾಹ್ನ ಏನಾಯಿತೆಂಬುದನ್ನು ಓದುಗರು ಊಹಿಸಲಾರರು. ಏಕೆಂದರೆ ಏನೂ ಆಗಲಿಲ್ಲ. ಅಮ್ಮನಿಗೆ ಹೊರಸಿನ ಮೇಲೆ ಗಂಗಾಳ ಬಂತು. ಅವಳನ್ನು ಮೀಯಿಸಿದ ಅತ್ತಿ ಜರ್ಮನ್ ತಾಟು ಹಿಡಿದು ಹೊಸ್ತಿಲಾಚೆ ಕೂತಳು. ಅವ್ವ ಮೇಲಿನಿಂದ, ತಾಗದಂತೆ, ಅದರೊಳಗೆ ರೊಟ್ಟಿ ಬೀಳಿಸಿದಳು. ನಾನು ಮುರಿದ ತುತ್ತನ್ನು ಗಂಗಾಳಕ್ಕೆ ಮರಳಿ ಹಾಕಿದೆ.

“ಅಮ್ಮಾ, ಹಂಗಾದ್ರ ನಿನಗೂ ಬ್ಯಾರೆ ತಾಟು ತರಸ್ಬೇಕಲ್ಲ,” ಎಂದೆ.

“ಏನಂದಿ?” ತಂದೆ ಕೈ ನಿಲ್ಲಿಸಿದರು. “ಯಾಕ?”

ಅಮ್ಮ ನನ್ನನ್ನು ನೋಡಲಿಲ್ಲ. ಹೊಸ್ತಿಲಾಚೆಯಿಂದ ಅತ್ತಿ ಬೇಗ ಬೇಗ ಅಂದಳು:

“ಏನಿಲ್ಲಣ್ಣ. ಹುಡುಗಿ ಮಾತು. ನೀ ಉಣ್ಣು.”

ಅವ್ವ ನನ್ನ ಬೆನ್ನಿಗೊಂದು ಬಿಟ್ಟಳು. ಅಮ್ಮ ಒಂದು ಮಾತು ಆಡಿದ್ದರೆ ಅತ್ತಿ ಅಂದೇ ಒಳಗೆ ಬರುತ್ತಿದ್ದಳು. ಆಡಲಿಲ್ಲ. ಮುಂದೆ ಎರಡು ವರ್ಷ ಮಗಳ ಕೈಯಿಂದಲೇ ನೀರು ಹಾಕಿಸಿಕೊಂಡಳು, ಆಡದೆಯೇ ತೀರಿಕೊಂಡಳು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆಂಬ ಸಂಪ್ರದಾಯವನ್ನು ನಾನು ಇಲ್ಲಿ ಪಾಲಿಸಲಾರೆ. ಅವಳಿಗೆ ಅಂಜಿಕೆಯಿತ್ತು, ನಿಜ. ಈ ಮೈಯನ್ನು ಊರು ಏನು ಮಾಡುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೆ ಊರು ತನಗೆ ಮಾಡಬಹುದಾಗಿದ್ದುದನ್ನೆಲ್ಲ ಅವಳು ತನ್ನ ಮಗಳಿಗೆ ತಾನೇ ಮಾಡಿದಳು. ಬೇವಿನ ಪೂಜೆಯೂ ಕಪ್ಪೆಯ ಕೊಲೆಯೂ ಒಂದೇ ಸುಳ್ಳನ್ನು ಕಾಯುವ ಎರಡು ಕೆಲಸಗಳಾಗಿದ್ದವು.

ನಾನು ಓದಲು ಗಂಗಾವತಿಗೆ ಹೋದೆ. ಚರ್ಚಾಸ್ಪರ್ಧೆಯಲ್ಲಿ ಮೂಢನಂಬಿಕೆಯನ್ನು ಖಂಡಿಸಿ ಮಾತಾಡಿ, ಸಭೆಯಿಂದ ಚಪ್ಪಾಳೆಯನ್ನೂ ಒಂದು ಹೊಳೆಯುವ ಬಹುಮಾನದ ಕಪ್ಪನ್ನೂ ಗಳಿಸಿದೆ. ಅದನ್ನು ಊರಿಗೆ ತಂದು ಪಡಸಾಲೆಯಲ್ಲಿಟ್ಟಾಗ ಅತ್ತಿ ಕೈ ಒರೆಸಿಕೊಳ್ಳುತ್ತ ಬಂದಳು.

“ಏನ್ ಮಾತಾಡಿದಿ?”

“ಮೂಢನಂಬಿಕಿ ಬಿಡ್ರಿ ಅಂತ.”

“ಬಿಟ್ರೇನು ಮತ್ತ?” ಎಂದು ನಕ್ಕಳು. “ಛಲೋ ಆತು. ಉಣ್ಣು ಬಾ.”

ನನಗೆ ಒಳಗೆ ಗಂಗಾಳ ಇಟ್ಟಿತ್ತು. ಅವಳು ಎಂದಿನಂತೆ ಹೊಸ್ತಿಲು ದಾಟಿ ಹೊರಗೆ ಹೋದಳು. ಸಭೆಯಲ್ಲಿ ಎಂಟು ನಿಮಿಷ ಗುಡುಗಿದವಳು ಅಂದು ಒಳಗೇ ಕೂತು ಉಂಡೆ. ಆ ಊಟದ ಹೇಸಿಗೆ ನನ್ನಲ್ಲಿ ಇಂದಿಗೂ ಅರಗಿಲ್ಲ.

ಮುಂದಿನ ವಾರ ಅವಳನ್ನು ಕೊಪ್ಪಳಕ್ಕೆ, ಚರ್ಮದ ವೈದ್ಯರ ಬಳಿಗೆ ಕರೆದೊಯ್ದೆ. ವೈದ್ಯೆ ಅವಳ ತೋಳನ್ನು ಬರಿಗೈಯಿಂದ ಹಿಡಿದು, ಒತ್ತಿ, ತಿರುಗಿಸಿ ನೋಡಿದರು.

“ಕಪ್ಪಿ ತುಳದಿದ್ದೆ ಅಂತ್ರಿ,” ಎಂದಳು ಅತ್ತಿ.

“ಕಪ್ಪಿದೇನೂ ತಪ್ಪಿಲ್ಲಮ್ಮ. ಇದು ಹುಟ್ಟಿನಿಂದ ಮೈಯಾಗ ಇರೋದು, ವಯಸ್ಸಿಗೆ ಬಂದ ಮ್ಯಾಲ ಹೊರಗ ಕಾಣತೈತಿ. ಮುಟ್ಟಿದ್ರ, ಕೂಡಿ ಉಂಡ್ರ ಯಾರಿಗೂ ಹತ್ತಂಗಿಲ್ಲ.”

“ಬೇವಿಗೆ ಹೋಗ್ತಾವೇನ್ರಿ?”

“ಬೇವಿಗೂ ಇದಕ್ಕೂ ಸಂಬಂಧ ಇಲ್ಲ. ಸುಮ್ಮನ ಮೈ ಸುಟ್ಕೊಂಡೀರಿ. ಮನ್ಯಾಗ ಮತ್ಯಾರಿಗರ ಐತೇನು?”

“ಇಲ್ರಿ. ಯಾರಿಗೂ ಇಲ್ಲ.”

“ಇವರವ್ವಗ ಇತ್ರಿ,” ಎಂದೆ ನಾನು. “ಅವರವ್ವಗೂ.”

ಮರಳುವ ಬಸ್ಸು ಕುಷ್ಟಗಿ ತಲುಪಿತು. ಅತ್ತಿ ಕೇಳಿದಳು:

“ಸತ್ತಾಕಿ ಹೆಸರು ಯಾಕ ತಗದಿ?”

“ಖರೆ ಹೇಳಬೇಕಲ್ಲ ಅತ್ತಿ.”

“ನಿನಗ ಖರೆ ಬೇಕಾಗಿತ್ತು. ನನಗ ಉಣ್ಣಾಕ ಜಾಗ ಬೇಕಾಗಿತ್ತು.”



ಮನೆಗೆ ಬಂದಾಗ ಊಟದ ಹೊತ್ತು. ವೈದ್ಯೆ ಹೇಳಿದ್ದನ್ನೆಲ್ಲ ತಂದೆಗೆ ಹೇಳಿದೆ, ಅಮ್ಮನ ಬೆನ್ನಿನದನ್ನೂ ಸೇರಿಸಿ. ಅವರು ತಾಯಿಯ ಹೆಸರು ಬಂದಾಗ ಒಮ್ಮೆ ಕಣ್ಣು ಮುಚ್ಚಿದರು. ನಂತರ ಕೇಳಿದರು:

“ಬರದು ಕೊಟ್ಟಾರೇನು?”

ಚೀಟಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ತಮ್ಮ ಪಕ್ಕದ ನೆಲವನ್ನು ಕೈಯಿಂದ ಒರೆಸಿ ಕರೆದರು.

“ನೀಲವ್ವ, ಒಳಗ ಬಾ. ಇಲ್ಲೆ ಕೂಡು.”

ಹೊಸ್ತಿಲಾಚೆ ಅತ್ತಿ ತಾಟನ್ನು ಆಗಲೇ ಮಡಿಲಲ್ಲಿಟ್ಟುಕೊಂಡಿದ್ದಳು. ಎದ್ದು ಬರುತ್ತಾಳೆಂದು ಅವ್ವ ಗಂಗಾಳವೊಂದನ್ನು ತೊಳೆದಳು. ಅತ್ತಿ ರೊಟ್ಟಿ ಮುರಿದಳು.

“ನಾ ನಿನ್ನ ತಂಗಿ ಇದ್ದೆ ಅಣ್ಣ. ಅದನ್ನ ಯಾರೂ ಬರದು ಕೊಟ್ಟಿದ್ದಿಲ್ಲ. ಚೀಟಿ ಓದಿ ಕರದ್ರ ನಾ ಬರಂಗಿಲ್ಲ.”

ಬರಲಿಲ್ಲ. ಅಂದೂ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ತಂದೆ ಮತ್ತೆ ಕರೆದರು, ಅವ್ವ ಅತ್ತು ಕರೆದಳು. ಅವಳು ಯಾರ ಮೇಲೂ ಸಿಟ್ಟಾಗಲಿಲ್ಲ. ಕೂತ ಜಾಗ ಬಿಡಲಿಲ್ಲ, ಅಷ್ಟೆ. ನಾನು ನನ್ನ ಗಂಗಾಳವನ್ನು ಎತ್ತಿಕೊಂಡು ಹೊರಗೆ ಹೋಗಿ ಅವಳ ಪಕ್ಕದಲ್ಲಿ ಕೂತದ್ದು ಅಂದೇ ಮೊದಲು. ಅವಳು ಸರಿದು ಜಾಗ ಕೊಟ್ಟಳು. ಅಲ್ಲಿ ಕೂರಲು ನನ್ನನ್ನು ಅಷ್ಟು ವರ್ಷ ಯಾರೂ ತಡೆದಿರಲಿಲ್ಲ ಎಂಬುದು ಕೂತ ಮೇಲೆ ಹೊಳೆಯಿತು.

ಇದೆಲ್ಲ ಹಳೆಯ ಕಾಲದ ಸಂಗತಿಯೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕಳೆದ ಮಳೆಗಾಲದಲ್ಲಿ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಓದಿದವರ ಮನೆಯೊಂದಕ್ಕೆ ಹೋಗಿದ್ದೆ. ಮಕ್ಕಳು ಕಪ್ಪೆಗೆ ಉಪ್ಪು ಹಾಕಿ, ಅದು ನೊರೆ ಕಾರುವುದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಹಿರಿಯರು ಅದನ್ನು ನೋಡಿ ನಗುತ್ತಿದ್ದರು. ಅದೇ ಮನೆಯ ಅಡುಗೆಕಟ್ಟೆಯ ಮೂಲೆಯಲ್ಲಿ, ಉಳಿದವುಗಳಿಂದ ದೂರವಾಗಿ, ಬೋರಲು ಹಾಕಿದ ಒಂದು ಸ್ಟೀಲ್ ಲೋಟವಿತ್ತು. ಯಾರದೆಂದು ಕೇಳಿದೆ. ಮೈಯಲ್ಲಿ ಬಿಳಿ ಮಚ್ಚೆಗಳಿದ್ದ ಸೊಸೆಯೊಬ್ಬಳು ನನ್ನೆದುರಿಗೇ ಅದನ್ನು ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡಳು.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬೇರೆ ತಾಟು, ಬೇರೆ ಲೋಟ ಇದ್ದರೆ, ಇಂದಿನ ಊಟಕ್ಕೆ ಅವರನ್ನು ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ. ವೈದ್ಯರ ಬಳಿಗೆ ನಾಳೆ ಕರೆದುಕೊಂಡು ಹೋಗಿ.